ಲಘು-ಗುರುವಿನಿಂದ ಕ್ರಮವಿಧಿಗೆ: ಛಂದಸ್ಸಿನ ಮೂಲಕ ಪ್ರೋಗ್ರಾಮಿಂಗ್ ಅಭ್ಯಾಸ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು ಕರ್ನಾಟಕದ ವಿಜಯಪುರ, ಬೆಳಗಾವಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಗಡಿನಾಡು. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವುಗಳಿಗೆ ಬೇಕಾದ ಪಠ್ಯಪುಸ್ತಕಗಳನ್ನು ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆಯೇ ಕನ್ನಡದಲ್ಲಿ ಪ್ರಕಟಿಸುತ್ತದೆ. ಆ ತಾಲ್ಲೂಕಿನ ಸನಮಡಿಯಂಥ ಊರಿನಿಂದ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಯು ಕಾಲೇಜಿನಲ್ಲಿ ಗಣಕ ವಿಜ್ಞಾನದ ಆರಂಭಿಕ ಪಾಠಕ್ಕೆ ಕುಳಿತಾಗ, ಕ್ರಮವಿಧಿ ಅಂದರೆ ಪ್ರೋಗ್ರಾಮ್ ಬರೆಯುವುದು ಇಂಗ್ಲಿಷ್ ಬಲ್ಲವರ ವಿದ್ಯೆ ಎಂದು ಭಾವಿಸುವುದುಂಟು. ಆಗ ಕ್ರಮವಿಧಿಗಳು ಅರ್ಥವಾಗದೆಯೇ ಬಾಯಿಪಾಠವಾಗುತ್ತವೆ. ಪರೀಕ್ಷೆ ಮುಗಿಯುತ್ತದೆ, ವಿದ್ಯೆ ಉಳಿಯುವುದಿಲ್ಲ. ಆದರೆ ಕನ್ನಡ ಐಚ್ಛಿಕ ವಿದ್ಯಾರ್ಥಿಯು ತಿಳಿಯದೆಯೇ ಆ ವಿದ್ಯೆಯ ಅರ್ಧವನ್ನು ಛಂದಸ್ಸಿನ ತರಗತಿಯಲ್ಲಿ ಕಲಿತಿರುತ್ತಾನೆ. ಪದ್ಯಕ್ಕೆ ಪ್ರಸ್ತಾರ ಹಾಕುವುದೆಂದರೆ, ಸ್ಪಷ್ಟವಾದ ನಿಯಮಗಳನ್ನು ಗೊತ್ತಾದ ಕ್ರಮದಲ್ಲಿ, ಒಂದನ್ನೂ ಬಿಡದೆ ಅನ್ವಯಿಸುವುದು. ಕ್ರಮವಿಧಿಯೂ ಅದೇ.

ಭಾಷೆಯ ತೊಡಕು ಎಷ್ಟು?

ಆರಂಭಿಕ ಪಾಠಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪೈಥಾನ್ ಭಾಷೆಯಲ್ಲಿ ಮೀಸಲು ಪದಗಳು ಸುಮಾರು 35 ಮಾತ್ರ. ಮೌಲ್ಯಗಳಿಗೆ ಕೊಡುವ ಹೆಸರುಗಳನ್ನು ಪೈಥಾನ್‌ನ 3ನೆಯ ಆವೃತ್ತಿಯಿಂದ ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ‘ಮಾತ್ರೆ’, ‘ಅಕ್ಷರ’ ಎಂಬ ಹೆಸರುಗಳನ್ನು ಅದು ಒಪ್ಪುತ್ತದೆ. ಮಕ್ಕಳಿಗಾಗಿ 1967ರಲ್ಲಿ ರೂಪುಗೊಂಡ ಲೋಗೋ ಭಾಷೆಗೆ ಯು. ಬಿ. ಪವನಜ ಅವರು ಕನ್ನಡ ರೂಪವನ್ನೇ ಸಿದ್ಧಪಡಿಸಿದರು. ಆದುದರಿಂದ ನಿಜವಾದ ತೊಡಕು ಪದಗಳದಲ್ಲ. ಯೋಚನೆಯನ್ನು ಹಂತಹಂತವಾಗಿ ಬಿಡಿಸುವ ರೂಢಿಯದು.

ಮೊದಲ ಹಂತ: ಅಕ್ಷರವನ್ನು ಗುರುತಿಸುವುದು

‘ಕನ್ನಡ’ ಎಂಬುದರಲ್ಲಿ ಅಕ್ಷರಗಳೆಷ್ಟು? ವಿದ್ಯಾರ್ಥಿಯ ಉತ್ತರ ಮೂರು. ಪೈಥಾನ್‌ಗೆ ಪದದ ಉದ್ದವನ್ನು ಕೇಳಿದರೆ ಬರುವ ಉತ್ತರ 5. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ ಚಿಹ್ನೆಗಳಿಗೆ ಬೇರೆ ಬೇರೆ ಸಂಕೇತಗಳಿವೆ. ಗಣಕವು ಈ ಪದವನ್ನು ಕ, ನ, ಹಲಂತ, ನ, ಡ ಎಂದು ಓದುತ್ತದೆ. ಇಲ್ಲಿ ಯಾರದೂ ತಪ್ಪಿಲ್ಲ. ಎಣಿಸುತ್ತಿರುವ ವಸ್ತುವೇ ಬೇರೆ. ಏನನ್ನು ಎಣಿಸಬೇಕೆಂದು ಮೊದಲು ನಿರ್ಧರಿಸುವುದೇ ಕ್ರಮವಿಧಿಯ ಮೊದಲ ಪಾಠ.

ಸಂಕೇತಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನೋಡಬೇಕು. ಬಂದದ್ದು ಸ್ವರವಾಗಿದ್ದರೆ, ಅಥವಾ ಹಿಂದೆ ಹಲಂತವಿಲ್ಲದ ವ್ಯಂಜನವಾಗಿದ್ದರೆ, ಹೊಸ ಅಕ್ಷರ ಆರಂಭವಾಗುತ್ತದೆ. ಮಿಕ್ಕದ್ದೆಲ್ಲ ಈಗಾಗಲೇ ತೆರೆದಿರುವ ಅಕ್ಷರಕ್ಕೆ ಸೇರುತ್ತದೆ. ಈ ನಿಯಮದಿಂದ ‘ಕನ್ನಡ’ವು ಕ, ನ್ನ, ಡ ಎಂದು ಸರಿಯಾಗಿ ಬಿಡಿಯಾಗುತ್ತದೆ.

ಎರಡನೆಯ ಹಂತ: ಲಘು-ಗುರು ನಿರ್ಣಯ

ಪ್ರತಿ ಅಕ್ಷರಕ್ಕೂ ಮೂರು ಪ್ರಶ್ನೆಗಳು: ಅದರಲ್ಲಿ ದೀರ್ಘಸ್ವರವಿದೆಯೇ? ಅನುಸ್ವಾರ ಅಥವಾ ವಿಸರ್ಗವಿದೆಯೇ? ಅದರ ಮುಂದೆ ಒತ್ತಕ್ಷರವಿದೆಯೇ? ಒಂದಕ್ಕಾದರೂ ‘ಹೌದು’ ಎಂದಾದರೆ ಗುರು, 2 ಮಾತ್ರೆ. ಇಲ್ಲವಾದರೆ ಲಘು, 1 ಮಾತ್ರೆ. ಗಣಕದ ಮುಂದೆ ಕೂರುವ ಮುನ್ನ ಇದನ್ನು ಕಾಗದದ ಮೇಲೆ ಪರೀಕ್ಷಿಸಬೇಕು:

ಸನಮಡಿ: 5 ಸಂಕೇತ, 4 ಅಕ್ಷರ, ಎಲ್ಲವೂ ಲಘು, 4 ಮಾತ್ರೆ.
ಜತ್ತ: 4 ಸಂಕೇತ, 2 ಅಕ್ಷರ, ಗುರು, ಲಘು, 3 ಮಾತ್ರೆ.
ಸಾಂಗಲಿ: 6 ಸಂಕೇತ, 3 ಅಕ್ಷರ, ಗುರು, ಲಘು, ಲಘು, 4 ಮಾತ್ರೆ.

ತಪ್ಪು ಹುಟ್ಟುವ ಜಾಗಗಳು

ಈ ಮೂರು ಹೆಸರುಗಳು ಆರಂಭಿಕರ ಸಾಮಾನ್ಯ ತಪ್ಪುಗಳನ್ನು ಬಯಲಿಗೆ ತರುತ್ತವೆ. ‘ಸಾಂ’ ಎಂಬಲ್ಲಿ ದೀರ್ಘವೂ ಇದೆ, ಅನುಸ್ವಾರವೂ ಇದೆ. ಪ್ರತಿ ‘ಹೌದು’ಗೂ ಒಂದು ಮಾತ್ರೆಯನ್ನು ಕೂಡಿಸುವಂತೆ ಬರೆದಿದ್ದರೆ ಆ ಅಕ್ಷರಕ್ಕೆ 3, ಇಡೀ ಪದಕ್ಕೆ 5 ಮಾತ್ರೆ ಬರುತ್ತದೆ. ಪ್ರಶ್ನೆಗಳನ್ನು ‘ಅಥವಾ’ದಿಂದ ಜೋಡಿಸಿ ಒಂದೇ ನಿರ್ಣಯ ಮಾಡುವುದು ಇದಕ್ಕೆ ಪರಿಹಾರ. ‘ಜತ್ತ’ದ ‘ಜ’ ಗುರುವೆಂದು ತಿಳಿಯಲು ಮುಂದಿನ ಅಕ್ಷರವನ್ನು ನೋಡಲೇಬೇಕು. ಆದರೆ ‘ಸನಮಡಿ’ಯ ‘ಡಿ’ಗೆ ಮುಂದಿನ ಅಕ್ಷರವೇ ಇಲ್ಲ, ಇಲ್ಲದ್ದನ್ನು ಕೇಳಿದೊಡನೆ ಕ್ರಮವಿಧಿ ದೋಷ ತೋರಿಸಿ ನಿಲ್ಲುತ್ತದೆ. ಮುಂದೆ ಅಕ್ಷರವಿದೆಯೇ ಎಂದು ಮೊದಲು ಕೇಳಬೇಕು. ಅತಿ ಸರಳವಾಗಿ ಕಾಣುವ ಪದವೇ ಇಲ್ಲಿ ಕ್ರಮವಿಧಿಯನ್ನು ಕೆಡಹುತ್ತದೆ ಎಂಬುದನ್ನು ಗಮನಿಸಬೇಕು.

ಅಪವಾದಗಳೂ ಇವೆ. ‘ಕಣ್’ ಎಂಬ ವ್ಯಂಜನಾಂತ ಪದದಲ್ಲಿ ‘ಣ್’ ಸ್ವತಂತ್ರ ಅಕ್ಷರವಲ್ಲ. ಅದು ಹಿಂದಿನದಕ್ಕೆ ಸೇರಿ ಅದನ್ನು ಗುರುವಾಗಿಸುತ್ತದೆ. ಹಳಗನ್ನಡದ ಶಿಥಿಲದ್ವಿತ್ವದಲ್ಲಿ ಒತ್ತಕ್ಷರವಿದ್ದರೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಮೊದಲನೆಯದನ್ನು ನಿಯಮವಾಗಿ ಬರೆಯಬಹುದು. ಎರಡನೆಯದು ಉಚ್ಚಾರಣೆಯನ್ನು ಅವಲಂಬಿಸಿದೆ. ಲಿಪಿಯನ್ನಷ್ಟೇ ಕಾಣುವ ಯಂತ್ರಕ್ಕೆ ಅದನ್ನು ಓದುಗನೇ ತಿಳಿಸಬೇಕು. ಕನ್ನಡ ವಿದ್ಯಾರ್ಥಿಯ ವಿದ್ವತ್ತು ಯಂತ್ರಕ್ಕೆ ಬೇಕಾಗುವುದು ಇಂಥ ಕಡೆಯಲ್ಲಿಯೇ.

ಅಭ್ಯಾಸ ಕ್ರಮ

ಒಂದು ದಿನಕ್ಕೆ ಒಂದೇ ಹಂತ ಸಾಕು. ಮೊದಲು ಕನ್ನಡದಲ್ಲಿ ಹಂತಗಳನ್ನು ಬರೆಯಬೇಕು. ಬಳಿಕ ಪೈಥಾನ್‌ಗೆ ತರಬೇಕು. ನಡೆಸುವ ಮುನ್ನ ಉತ್ತರವನ್ನು ಊಹಿಸಿ ಬರೆದಿಡಬೇಕು. ಊಹೆಗೂ ಉತ್ತರಕ್ಕೂ ಹೊಂದಿಕೆಯಾಗದಿದ್ದರೆ ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು.

1. ‘ಬೆಳಗಾವಿ’, ‘ವಿಜಯಪುರ’ ಎರಡರಲ್ಲೂ 7 ಸಂಕೇತ, 5 ಮಾತ್ರೆಗಳಿವೆ; ಅಕ್ಷರಸಂಖ್ಯೆ ಮಾತ್ರ ಬೇರೆ. ಕಾರಣವನ್ನು ವಿವರಿಸಿ.

2. ಮೂರು ಸ್ಥಾನಗಳಲ್ಲಿ ಲಘು-ಗುರುಗಳನ್ನು ಎಲ್ಲ ಬಗೆಯಲ್ಲೂ ಇಟ್ಟರೆ 2×2×2, ಅಂದರೆ 8 ಅಕ್ಷರಗಣಗಳಾಗುತ್ತವೆ. ಒಂದರೊಳಗೊಂದು ಆವರ್ತನೆಗಳನ್ನು ಬಳಸಿ ಅವೆಲ್ಲವನ್ನೂ ಪಡೆಯಿರಿ.

3. ಭಾಮಿನೀ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ 3+4+3+4ರಂತೆ 14 ಮಾತ್ರೆ. 3, 6ನೆಯ ಸಾಲುಗಳಲ್ಲಿ 3+4+3+4+3+4 ಮತ್ತು ಕೊನೆಗೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102. ಮೊತ್ತ ಸರಿಯಾದರೆ ಸಾಲದು, ಗಣಗಳ ಗಡಿಯೂ ಸರಿಯಾಗಿ ಬೀಳಬೇಕು. ಎರಡನ್ನೂ ಪರೀಕ್ಷಿಸುವ ಹಂತಗಳನ್ನು ಬರೆಯಿರಿ. ಸಾಲಿನ ಕೊನೆಯಲ್ಲಿ ಗುರು ಬರಬೇಕಾದೆಡೆ ಲಘುವಿದ್ದರೆ ಅದನ್ನು ಗುರುವೆಂದೇ ಎಣಿಸುವ ಸಂಪ್ರದಾಯವನ್ನು ಮರೆಯಬಾರದು.

ಮೂರನೆಯ ಅಭ್ಯಾಸವನ್ನು ಪೂರೈಸಿದ ವಿದ್ಯಾರ್ಥಿಗೆ ಆವರ್ತನೆ, ನಿರ್ಣಯ, ಪಟ್ಟಿ, ದೋಷಪರೀಕ್ಷೆ ಎಂಬ ನಾಲ್ಕೂ ಆರಂಭಿಕ ಕೌಶಲಗಳು ಕೈವಶವಾಗಿರುತ್ತವೆ. ಜೊತೆಗೆ ಛಂದಸ್ಸಿನ ಪಾಠವೂ ಗಟ್ಟಿಯಾಗಿರುತ್ತದೆ.