ಮನೆಯಲ್ಲಿ ಜೋಡಿಸಿದ ವಿಮಾನ

ವಿಮಾನವೆಂದೊಡನೆ ವಿಶಾಲವಾದ ಕಾರ್ಖಾನೆಯೂ ನೂರಾರು ಕೆಲಸಗಾರರೂ ನಮ್ಮ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ ಮೊದಮೊದಲಿನ ಎಷ್ಟೋ ವಿಮಾನಗಳು ಹುಟ್ಟಿದುದು ಮನೆಯ ಕೊಟ್ಟಿಗೆಗಳಲ್ಲಿ, ಕೈಗೂಡಿಸಿದವರು ಮನೆಯವರೇ. ಇಂಗ್ಲೆಂಡಿನ ಎ. ವಿ. ರೋ ತನ್ನ ಮೊದಲ ವಿಮಾನವನ್ನು ಸೋದರನ ಮನೆಯ ಕುದುರೆಲಾಯದಲ್ಲಿ ಕಟ್ಟಿದನು. 1909ರ ಜುಲೈನಲ್ಲಿ ಅವನು ಹಾರಿಸಿದ ಮೂರಂತಸ್ತಿನ ರೆಕ್ಕೆಯ ವಿಮಾನಕ್ಕೆ 9 ಅಶ್ವಶಕ್ತಿಯ ಎಂಜಿನು, ಕಾಗದದ ಹೊದಿಕೆ! ಮರುವರ್ಷ ಮತ್ತೊಬ್ಬ ಸೋದರ ಹಂಫ್ರಿಯ ಹಣದ ನೆರವಿನಿಂದ ಸ್ಥಾಪಿತವಾದ ಅವನ ಕಂಪನಿಯಲ್ಲಿಯೇ ನಮ್ಮ ಮೈಸೂರಿನ ಎಸ್. ವಿ. ಶೆಟ್ಟಿಯವರು 1911-12ರ ಸುಮಾರಿಗೆ ದುಡಿದರೆಂಬುದು ಕನ್ನಡಿಗರು ಬಹುಮಟ್ಟಿಗೆ ಮರೆತಿರುವ ಸಂಗತಿ.

ಈಗ ಹಗುರ ವಿಮಾನದ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ದೊರೆಯುತ್ತವೆ. ಜೋಡಣೆಯಲ್ಲಿ ಎರಡನೆಯ ಮನುಷ್ಯನು ಅನಿವಾರ್ಯನಾಗುವುದು ರಿವೆಟ್ ಬಡಿಯುವಾಗ. ಅಲ್ಯೂಮಿನಿಯಮ್ ತಗಡಿನ ಹೊರಗಿನಿಂದ ಒಬ್ಬನು ಗಾಳಿಸುತ್ತಿಗೆಯನ್ನು ನಡೆಸುತ್ತಾನೆ. ಒಳಗಿನಿಂದ ಅವನ ತಮ್ಮನೋ ಮಗಳೋ ಉಕ್ಕಿನ ಗಟ್ಟಿಯೊಂದನ್ನು ರಿವೆಟ್ಟಿನ ಬಾಲಕ್ಕೆ ಒತ್ತಿಹಿಡಿಯಬೇಕು. ಗಟ್ಟಿಯ ಜಡತ್ವದಿಂದಾಗಿ ಅದು ಪೆಟ್ಟಿಗೆ ಸುಲಭವಾಗಿ ಹಿಂಜರಿಯದು. ನಡುವೆ ಸಿಕ್ಕ ಬಾಲವು ಚಪ್ಪಟೆಯಾಗಿ ಅರಳುತ್ತದೆ. ಅರಳಿದ ತಲೆಯ ಅಗಲವು ರಿವೆಟ್ಟಿನ ವ್ಯಾಸದ ಒಂದೂವರೆಯಷ್ಟು, ಎತ್ತರವು ಅರ್ಧದಷ್ಟು ಇರತಕ್ಕದ್ದು. ಗಟ್ಟಿಯು ತೀರ ಹಗುರವಾಗಿದ್ದರೆ ಅದೇ ಪುಟಿಯುತ್ತದೆ, ತಗಡು ತಗ್ಗಾಗುತ್ತದೆ. ಒಳಗಿನವರು ‘ಹೂಂ’ ಎನ್ನುವ ಮೊದಲೇ ಸುತ್ತಿಗೆ ನಡೆದರೂ ಇದೇ ಗತಿ. ರೆಕ್ಕೆಯ ಇಕ್ಕಟ್ಟಿನಲ್ಲಿ ಸಣ್ಣ ಕೈಯವರೇ ಮೇಲೆಂಬುದನ್ನು ಹೇಳಬೇಕಾಗಿಲ್ಲ.

ಆದರೆ ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮಹತ್ವದ ದಿನವು ತೂಕದ ದಿನ. ವಿಜಯಪುರದ ಸೀಮೆಯ ರೈತನಿಗೆ ಇದರ ತತ್ತ್ವ ಹೊಸದಲ್ಲ: ಚಕ್ಕಡಿಯ ಹಿಂಬದಿಗೆ ಹೇರು ಹೆಚ್ಚಾದರೆ ನೊಗ ಮೇಲೇಳುತ್ತದೆ. ವಿಮಾನದ ಮೂರು ಗಾಲಿಗಳ ಕೆಳಗೂ ತಕ್ಕಡಿಯಿಟ್ಟು ತೂಗಬೇಕು. ಮೂತಿಯ ತುದಿಯಿಂದ 80 ಸೆಂ.ಮೀ. ದೂರದ ಮುಂಗಾಲಿಯ ಮೇಲೆ 60 ಕಿಲೋಗ್ರಾಂ, 220 ಸೆಂ.ಮೀ. ದೂರದ ಹಿಂಗಾಲಿಗಳೆರಡರ ಮೇಲೆ ಒಟ್ಟು 240 ಕಿಲೋಗ್ರಾಂ ಬಿತ್ತೆನ್ನೋಣ. ಭಾರವನ್ನು ದೂರದಿಂದ ಗುಣಿಸಿ ಕೂಡಿಸಿದರೆ 57,600; ಅದನ್ನು ಒಟ್ಟು ತೂಕವಾದ 300ರಿಂದ ಭಾಗಿಸಿದರೆ 192. ಗುರುತ್ವಕೇಂದ್ರವಿರುವುದು ಅಲ್ಲಿ. 210 ಸೆಂ.ಮೀ.ನಲ್ಲಿ 70 ಕಿಲೋಗ್ರಾಂ ಚಾಲಕನೂ 280ರಲ್ಲಿ 20 ಕಿಲೋಗ್ರಾಂ ಸಾಮಾನೂ ಸೇರಿದರೆ ಅದು ಸುಮಾರು 200ಕ್ಕೆ ಸರಿಯುತ್ತದೆ. ವಿದ್ಯಾರ್ಥಿಗಳು ಲೆಕ್ಕಮಾಡಿ ನೋಡಬಹುದು. ರಚನಕಾರನು ವಿಧಿಸಿದ ಹಿಂಗಡಿಯನ್ನು ಇದು ದಾಟಿದರೆ ವಿಮಾನವು ಮೂತಿಯೆತ್ತಿ ವೇಗ ಕಳೆದುಕೊಂಡಾಗ ಬಾಲದ ಪಟ್ಟಿಯು ಅದನ್ನು ಮರಳಿ ತಗ್ಗಿಸಲಾರದು. ಅಂಥ ವಿಮಾನದಲ್ಲಿ ಕುಳಿತವರು ಉಳಿಯುವುದು ಕಷ್ಟ.

ಊರಿನ ಹವೆಯನ್ನೂ ಲೆಕ್ಕಕ್ಕೆ ತರಬೇಕು. ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರು ಎತ್ತರವಿರುವ ಭೂತನಾಳದ ಕೆರೆಯ ಸುತ್ತಿನ ನೆಲದಲ್ಲಿ, ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ, ಗಾಳಿಯ ಸಾಂದ್ರತೆಯು ಘನಮೀಟರಿಗೆ 1.05 ಕಿಲೋಗ್ರಾಂ ಮಾತ್ರ; 15 ಡಿಗ್ರಿಯ ಸಮುದ್ರಮಟ್ಟದಲ್ಲಾದರೆ 1.225. ಎತ್ತುವ ಬಲವು ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುವುದರಿಂದ ನೆಲಬಿಡಲು ಶೇಕಡಾ 8ರಷ್ಟು ಹೆಚ್ಚಿನ ವೇಗ ಬೇಕು. ಎಂಜಿನ್ನಿನ ಬಲವೂ ಕುಗ್ಗುವುದರಿಂದ ಓಟದ ದಾರಿಯು ಸುಮಾರು ಮೂರನೆಯ ಒಂದು ಪಾಲು ಉದ್ದವಾಗುತ್ತದೆ. ಆದ್ದರಿಂದ ಸರಕಾರದ ಅನುಮತಿ ಕೈಸೇರಿದ ಮೇಲೂ ಮೊದಲ ಹಾರಾಟಕ್ಕೆ ಚಳಿಗಾಲದ ಬೆಳಗಿನ ಜಾವವನ್ನೇ ಆರಿಸುವುದು ಒಳ್ಳೆಯದು. ಆಗ ವಿಮಾನದಲ್ಲಿ ಚಾಲಕನೊಬ್ಬನೇ ಇರಬೇಕು, ಸಹಾಯಮಾಡಿದ ತಮ್ಮನು ನೆಲದ ಮೇಲೆಯೇ ನಿಲ್ಲಬೇಕು.