ಡಾಕ್ಟರು ಹೋದ ಮೇಲೆ ಕೊಟ್ಟಿಗೆಯಲ್ಲಿ ಉಳಿಯುವ ಕೆಲಸ

ಕೆಚ್ಚಲು ಬಾವು ಬಂದ ಹಸುವಿನ ಒಂದು ಮೊಲೆಗೆ ಟ್ಯೂಬು ಹಾಕಿಸಿ, ಉಳಿದ ಮೂರು ಮೊಲೆಯ ಹಾಲನ್ನು ಎಂದಿನಂತೆ ಡೇರಿಗೆ ಹಾಕುವವರಿದ್ದಾರೆ. ಬಾವು ಇರುವುದು ಒಂದರಲ್ಲಿ ತಾನೇ ಎಂಬುದು ಅವರ ಲೆಕ್ಕ. ಆದರೆ ಮೊಲೆಯೊಳಗೆ ಹೋದ ಔಷಧಿಯಲ್ಲಿ ಒಂದಷ್ಟು ರಕ್ತಕ್ಕೆ ಸೇರಿ, ಅಲ್ಲಿಂದ ಉಳಿದ ಮೊಲೆಗಳ ಹಾಲಿಗೂ ಇಳಿಯುತ್ತದೆ. ಇಂಜೆಕ್ಷನ್ ಆದರಂತೂ ಕೇಳುವುದೇ ಬೇಡ. ಒಬ್ಬರ ಮನೆಯ ಆ ಹಾಲು ಡೇರಿಯ ಕ್ಯಾನಿಗೆ ಬಿದ್ದರೆ ಊರಿನವರೆಲ್ಲರ ಹಾಲೂ ಕೆಟ್ಟ ಹಾಗೆ. ಬಹುತೇಕ ಆಂಟಿಬಯೋಟಿಕ್‌ಗಳು ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಹೆಪ್ಪಿನಲ್ಲಿರುವ ಸೂಕ್ಷ್ಮಾಣುಗಳನ್ನೂ ಅವು ಕೊಲ್ಲುವುದರಿಂದ ಅಂಥ ಹಾಲು ಸರಿಯಾಗಿ ಮೊಸರಾಗದು. ಪೆನ್ಸಿಲಿನ್ ಒಗ್ಗದವರು ಕುಡಿದರೆ ಮೈಮೇಲೆ ಗಂಧೆ ಏಳಬಹುದು, ಉಸಿರಾಟಕ್ಕೂ ತೊಂದರೆಯಾಗಬಹುದು.

ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಮಾರಬಾರದು ಎಂಬುದನ್ನು ಔಷಧಿ ಕಂಪನಿಯೇ ಲೇಬಲ್ಲಿನ ಮೇಲೆ ಬರೆಯಬೇಕು. ಇದಕ್ಕಾಗಿ 2012ರಲ್ಲಿ ಔಷಧಿ ನಿಯಮಗಳಿಗೆ ತಿದ್ದುಪಡಿಯಾಯಿತು. ಪರೀಕ್ಷೆಯಿಂದ ಖಚಿತವಾದ ಅವಧಿ ಇಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕಡಿಮೆಯೆಂದರೂ 7 ದಿನ, ಮಾಂಸಕ್ಕೆ 28 ದಿನ ಎನ್ನುತ್ತದೆ ಆ ನಿಯಮ. ಲೇಬಲ್ಲಿನಲ್ಲಿ ‘ವಿತ್‌ಡ್ರಾಯಲ್ ಪಿರಿಯಡ್’ ಎಂದು ಸಣ್ಣ ಅಕ್ಷರದಲ್ಲಿರುತ್ತದೆ. ಕಣ್ಣಿಗೆ ಕಾಣದಿದ್ದರೆ ಓದುವ ಮಕ್ಕಳ ಕೈಲಿ ಓದಿಸಿ.

ಈ ದಿನಗಳನ್ನು ಎಣಿಸಬೇಕಾದದ್ದು ಕೊನೆಯ ಸಲ ಔಷಧಿ ಕೊಟ್ಟ ಹೊತ್ತಿನಿಂದ. ಮೂರು ದಿನದ ಟ್ಯೂಬು ಬುಧವಾರ ಸಂಜೆ ಮುಗಿಯಿತು, ಲೇಬಲ್ಲಿನಲ್ಲಿ 96 ಗಂಟೆ ಎಂದಿದೆ ಎನ್ನೋಣ. ಭಾನುವಾರ ಬೆಳಗಿನ ಹಾಲನ್ನೂ ಡೇರಿಗೆ ಹಾಕುವಂತಿಲ್ಲ. ಅದೇ ದಿನ ಸಂಜೆ ಆ ಹೊತ್ತು ದಾಟಿದ ಮೇಲೆ ಕರೆದ ಹಾಲನ್ನು ಹಾಕಬಹುದು. ಬಳ್ಳಾರಿ ರಸ್ತೆಯ ಬದಿಯ ಹೊಲಗಳು ಲೇಔಟಾದ ಮೇಲೆ ನಮ್ಮ ಚಿಕ್ಕಜಾಲದ ಕಡೆ ಮೇವಿಗೂ ದುಡ್ಡು ಸುರಿಯಬೇಕಾಗಿದೆ. ಅಂಥದ್ದರಲ್ಲಿ ಇಷ್ಟು ದಿನ ಹಾಲು ಚೆಲ್ಲುವುದೆಂದರೆ ಹೊಟ್ಟೆ ಉರಿಯುವ ಮಾತೇ. ಹಾಗಾಗಿ ಇಂಜೆಕ್ಷನ್ ಹಾಕುವ ಮೊದಲೇ, “ಡಾಕ್ಟ್ರೇ, ಎಷ್ಟು ದಿನ ಹಾಲು ಹಾಕಬಾರದು? ಕಡಿಮೆ ದಿನ ತಡೆಯುವ ಔಷಧಿ ಈ ರೋಗಕ್ಕೆ ಆಗುತ್ತದೆಯೇ?” ಎಂದು ಕೇಳಿ. ಕೇಳಿದರೆ ಯಾವ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಚೆಲ್ಲುವ ಹಾಲನ್ನು ಕರುವಿಗೆ ಕುಡಿಸುವುದೂ ಒಳ್ಳೆಯದಲ್ಲ. ಔಷಧಿಗೆ ಬಗ್ಗದ ಸೂಕ್ಷ್ಮಾಣುಗಳು ಅದರ ಹೊಟ್ಟೆಯಲ್ಲೇ ಬೆಳೆಯುತ್ತವೆ.

ಟ್ಯೂಬು ಹಾಕುವುದನ್ನು ಡಾಕ್ಟರು ಒಂದು ದಿನ ತೋರಿಸಿಕೊಟ್ಟು, ಉಳಿದ ದಿನಗಳದ್ದನ್ನು ಮನೆಯವರಿಗೇ ಬಿಡುವುದುಂಟು. ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿ. ಮೊದಲು ಆ ಮೊಲೆಯ ಹಾಲನ್ನು, ಗಡ್ಡೆಯಿದ್ದರೆ ಅದನ್ನೂ, ಪೂರ್ತಿ ಹಿಂಡಿ ತೆಗೆಯಬೇಕು. ನೆಲಕ್ಕೆ ಹಿಂಡಬೇಡಿ, ರೋಗ ಅಲ್ಲಿಂದಲೇ ಪಕ್ಕದ ಹಸುವಿಗೆ ಹೋಗುತ್ತದೆ. ಮೊಲೆ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ತುದಿಯ ರಂಧ್ರವನ್ನು ಸ್ಪಿರಿಟ್ ಹತ್ತಿಯಿಂದ ಹತ್ತಿ ಬೆಳ್ಳಗೆ ಬರುವವರೆಗೂ ಉಜ್ಜಬೇಕು. ನಾಲ್ಕೂ ಮೊಲೆಗೆ ಹಾಕುವುದಾದರೆ ಆಚೆ ಬದಿಯವನ್ನು ಮೊದಲು ಒರೆಸಿ, ಔಷಧಿ ಹಾಕುವಾಗ ಈಚೆಯವುಗಳಿಂದ ಶುರು ಮಾಡಿ. ಆಗ ಒರೆಸಿದ ಮೊಲೆಗೆ ತೋಳು ತಾಗುವುದಿಲ್ಲ. ಟ್ಯೂಬಿನ ಮೂತಿ ಮೂರ್ನಾಲ್ಕು ಮಿಲಿಮೀಟರ್ ಒಳಹೋದರೆ ಸಾಕು. ಬುಡದವರೆಗೂ ತುರುಕಿದರೆ ಮೊಲೆಬಾಯಿಯ ಒಳಪೊರೆ ಗಾಯವಾಗಿ, ಹೊರಗಿನ ಕೊಳೆಯೂ ಒಳಗೆ ಹೋಗುತ್ತದೆ. ಒಂದು ಟ್ಯೂಬನ್ನು ಎರಡು ಮೊಲೆಗೆ ಹಂಚಬಾರದು. ಎರಡನೇ ದಿನಕ್ಕೆ ಹಾಲು ತಿಳಿಯಾಯಿತೆಂದು ಮೂರನೆಯದನ್ನು ಉಳಿಸಿಟ್ಟರೆ, ಸಾಯದೆ ಉಳಿದ ಸೂಕ್ಷ್ಮಾಣುಗಳು ಮತ್ತೆ ಬೆಳೆದು ಬಾವು ಮರುಕಳಿಸಬಹುದು, ಆಗ ಅದೇ ಔಷಧಿ ಕೆಲಸ ಮಾಡದಿರಬಹುದು.

ಪದೇ ಪದೇ ಮರುಕಳಿಸುವ ಬಾವಿಗೆ ಔಷಧಿ ಬದಲಿಸುತ್ತಾ ಹೋಗುವುದಕ್ಕಿಂತ ಹಾಲು ಪರೀಕ್ಷೆ ಮಾಡಿಸುವುದು ಮೇಲು. ಹೆಬ್ಬಾಳದಲ್ಲಿ 1958ರಿಂದ ಇರುವ ಪಶುವೈದ್ಯ ಕಾಲೇಜು ನಮಗೆ ದೂರವೇನಲ್ಲ. ಯಾವ ಔಷಧಿಗೆ ರೋಗಾಣು ಬಗ್ಗುತ್ತದೆಂದು ಪ್ರಯೋಗಾಲಯದಲ್ಲಿ ನೋಡಬಹುದು. ಮಾದರಿ ಹಾಲನ್ನು ಔಷಧಿ ಶುರು ಮಾಡುವ ಮೊದಲೇ ತೆಗೆಯಬೇಕು. ಮೊದಲ ನಾಲ್ಕು ಹಿಂಡು ಬಿಟ್ಟು, ಕ್ರಿಮಿ ಕಳೆದ ಸೀಸೆಗೆ ಹಿಡಿದು, ಐಸಿನಲ್ಲಿಟ್ಟು ಒಯ್ಯಿರಿ.

ಜಂತಿನ ಔಷಧಿಯಲ್ಲಿ ಎಡವುವುದು ತೂಕದ ವಿಷಯಕ್ಕೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದಿಂದ ಚಪ್ಪೆಯ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಟೇಪಿಡಿದು ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. 70 ಇಂಚು ಸುತ್ತಳತೆ, 60 ಇಂಚು ಉದ್ದದ ಎಚ್‌ಎಫ್ ಹಸು ಸುಮಾರು 445 ಕಿಲೋ ತೂಗುತ್ತದೆ. ಕಿಲೋಗೆ 7.5 ಮಿಲಿಗ್ರಾಂ ಲೆಕ್ಕದಲ್ಲಿ 3 ಗ್ರಾಂನ ಒಂದು ಆಲ್ಬೆಂಡಜೋಲ್ ಬೋಲಸ್ ಸಾಲುವುದು 400 ಕಿಲೋಗೆ. ಕಡಿಮೆ ಬಿದ್ದರೆ ಜಂತು ಸಾಯದೆ ಪಳಗುತ್ತದೆ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಬೇಡ, ಹೊಟ್ಟೆಯ ಕರು ವಿಕಾರವಾಗಬಹುದು. ಹಾಲು ಕರೆಯುವ ಹಸುವಿಗೆ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಡಬಾರದು. ಅದು ಕೊಬ್ಬಿನಲ್ಲಿ ನಿಂತು ಬಹಳ ದಿನ ಹಾಲಿನಲ್ಲಿ ಬರುತ್ತದೆ. ಉಣ್ಣೆಗೆಂದು ದ್ರಾಕ್ಷಿ ತೋಟದ ಕೀಟನಾಶಕವನ್ನು ಮೈಗೆ ಸವರುವುದು ಹಸುವಿಗೆ ವಿಷ ಹಾಕಿದಂತೆಯೇ.

ಗೊಟ್ಟದಲ್ಲಿ ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ನಾಲಿಗೆ ಎಳೆದು ಹಿಡಿಯಬೇಡಿ. ಕೆಮ್ಮಿದರೆ ಕೂಡಲೇ ತಲೆ ಇಳಿಸಿ. ಎಣ್ಣೆ ಇನ್ನೂ ಅಪಾಯ, ಶ್ವಾಸಕೋಶಕ್ಕೆ ಹೋದರೂ ಕೆಮ್ಮು ಬಾರದಿರಬಹುದು. ಈದ ಹಸು ಹಾಲು ಜ್ವರದಿಂದ ಮಲಗಿದ್ದರೆ ಬಾಯಿಗೆ ಏನೂ ಹಾಕಬೇಡಿ, ಅದಕ್ಕೆ ಆಗ ನುಂಗುವ ಶಕ್ತಿಯೇ ಇರದು. ಕ್ಯಾಲ್ಸಿಯಂ ಬಾಟಲಿಯನ್ನು ಕಂಡವರ ಕೈಲಿ ಏರಿಸಬೇಡಿ. ರಕ್ತನಾಳಕ್ಕೆ ಬೇಗ ಹರಿದರೆ ಹೃದಯವೇ ನಿಲ್ಲಬಹುದು. ಅಂಥ ಹೊತ್ತಿಗೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಕಾಲುನೋವಿಗೆಂದು ಮನುಷ್ಯರ ಡೈಕ್ಲೋಫಿನ್ಯಾಕ್ ಚುಚ್ಚಿಸುವುದು ಇನ್ನೂ ನಿಂತಿಲ್ಲ. ದನಗಳಿಗೆ ಅದನ್ನು 2006ರಲ್ಲೇ ನಿಷೇಧಿಸಲಾಗಿದೆ. ಅದನ್ನು ಚುಚ್ಚಿಸಿಕೊಂಡು ಸತ್ತ ದನದ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತಿದ್ದವು. ಬೆರಳೆಣಿಕೆಯಷ್ಟು ರಣಹದ್ದುಗಳಿರುವ ರಾಮನಗರದ ಬೆಟ್ಟ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಕೀಟೋಪ್ರೊಫೆನ್, ಅಸೆಕ್ಲೋಫಿನ್ಯಾಕ್ ಕೂಡ 2023ರಲ್ಲಿ ನಿಷೇಧಕ್ಕೆ ಸೇರಿದವು. ಮೆಲಾಕ್ಸಿಕಾಮ್ ಇದೆ, ಡಾಕ್ಟರನ್ನು ಕೇಳಿ.

ಕೊಟ್ಟಿಗೆಯ ಗೋಡೆಗೆ ಒಂದು ನೋಟ್‌ಬುಕ್ಕು ತೂಗುಹಾಕಿ. ಹಸುವಿನ ಕಿವಿಯೋಲೆ ನಂಬರು, ಔಷಧಿಯ ಹೆಸರು, ಕೊನೆಯ ಡೋಸಿನ ದಿನ ಮತ್ತು ಹೊತ್ತು, ಹಾಲು ಮತ್ತೆ ಹಾಕುವ ದಿನ, ಇಷ್ಟು ಬರೆದರೆ ಸಾಕು. ಕರೆಯುವವರು ಬೇರೆಯಾಗಿದ್ದರೆ ಔಷಧಿಯಲ್ಲಿರುವ ಹಸುವಿನ ಹಿಂಗಾಲಿಗೆ ಕೆಂಪು ಬಟ್ಟೆ ಕಟ್ಟಿ, ಅದನ್ನು ಕಡೆಗೆ ಕರೆಯಲು ಹೇಳಿ.