ಎಲ್ಲರ ಕೈಗೂ ಎಟುಕುವ ಶಾಲಾ ತೋಟ

ಮಕ್ಕಳೇ, ಮಳೆ ನಿಂತ ಕೂಡಲೇ ಕಾಸರಗೋಡಿನ ನಮ್ಮ ಶಾಲೆಗಳಲ್ಲಿ ಅಲಸಂಡೆ, ಹರಿವೆ, ಬೆಂಡೆ ಹಾಕುವ ಗಡಿಬಿಡಿ ಶುರುವಾಗ್ತದೆ. ಊರವರೂ ಕೈಗೂಡಿಸಿದರೆ ಅದು ಊರಿನ ತೋಟವೂ ಹೌದು. ಆದರೆ ಗಾಲಿಕುರ್ಚಿಯಲ್ಲಿ ಬರುವ ಗೆಳತಿ ಆ ತೋಟದ ಎಷ್ಟನೇ ಪಾತಿಯವರೆಗೆ ಹೋಗಬಲ್ಲಳು? ಕಣ್ಣು ಕಾಣದ ಅಜ್ಜನಿಗೆ ಯಾವ ಗಿಡ ಎಲ್ಲಿದೆ ಅಂತ ತಿಳಿಯುವುದು ಹೇಗೆ?

ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹೊಸತೇನಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯಂತಹ ಊರುಗಳಲ್ಲಿ ನಡೆಯಲು, ನೋಡಲು, ಮಾತಾಡಲು ಕಷ್ಟಪಡುವವರು ಅನೇಕ ಮನೆಗಳಲ್ಲಿದ್ದಾರೆ. ಅವರೂ ಬರುವಂತೆ ತೋಟ ಮಾಡಬೇಕಾದರೆ ದಾರಿಯ ತಡೆಗಳನ್ನು ಮೊದಲು ಅಳೆಯಬೇಕು. ಅಳೆಯಲು ಬರುವ ತಡೆಯನ್ನು ತೆಗೆಯಲೂ ಬರುತ್ತದೆ.

ದಾರಿ ಮತ್ತು ಇಳಿಜಾರು

ಇಳಿಜಾರು ಸಮತಲ ಒಂದು ಸರಳ ಯಂತ್ರ ಎಂದು ಪಾಠದಲ್ಲಿ ಓದಿದ್ದೀರಿ. ಗಾಲಿಕುರ್ಚಿಗೆ ಸಾಮಾನ್ಯವಾಗಿ ಹೇಳುವ ಇಳಿಜಾರು 1:12. ಅಂದರೆ 1 ಸೆ.ಮೀ. ಏರಲು 12 ಸೆ.ಮೀ. ಉದ್ದ ಬೇಕು. 15 ಸೆ.ಮೀ. ಎತ್ತರದ ಒಂದು ಮೆಟ್ಟಿಲಿಗೆ 15 × 12 = 180 ಸೆ.ಮೀ. ಉದ್ದದ ಇಳಿಜಾರು.

ಹುಡುಗಿ ಮತ್ತು ಕುರ್ಚಿ ಸೇರಿ 48 ಕಿ.ಗ್ರಾಂ ಎಂದಿಟ್ಟುಕೊಳ್ಳಿ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 1:12 ಇಳಿಜಾರಿನಲ್ಲಿ ಸುಮಾರು 4 ಕಿ.ಗ್ರಾಂ ಎತ್ತುವಷ್ಟು ಬಲ ಸಾಕು. ಉದ್ದ ಉಳಿಸಲು 1:4 ಮಾಡಿದರೆ ಸುಮಾರು 12 ಕಿ.ಗ್ರಾಂ ಎತ್ತುವಷ್ಟು ಬಲ ಬೇಕಾಗ್ತದೆ. ಮಾಡುವ ಕೆಲಸ ಒಂದೇ, ಬೇಕಾದ ಬಲ ಮಾತ್ರ ಮೂರು ಪಟ್ಟು!

ದಾರಿ ಕನಿಷ್ಠ 90 ಸೆ.ಮೀ. ಅಗಲ ಇರಲಿ. ಕುರ್ಚಿ ತಿರುಗಿಸಲು ಒಂದೆರಡು ಕಡೆ 150 ಸೆ.ಮೀ. ಜಾಗ ಬಿಡಿ. ಸಡಿಲ ಜಲ್ಲಿಯಲ್ಲಿ ಚಕ್ರ ಹೂತುಹೋಗುತ್ತದೆ. ಗಟ್ಟಿಯಾಗಿ ಪೆಟ್ಟಿಸಿದ ಮಣ್ಣು ಅಥವಾ ಸಮವಾಗಿ ಹಾಸಿದ ಕೆಂಪುಕಲ್ಲು ಒಳ್ಳೆಯದು. ನಮ್ಮ ಮಳೆಗೆ ಹಾವಸೆ ಕಟ್ಟದಿರಲು ನೀರು ಹರಿದುಹೋಗುವ ಕಣಿ ಬೇಕೇ ಬೇಕು.

ಎತ್ತರದ ಪಾತಿ

ಕುಳಿತವರ ಕೈ ಸುಲಭವಾಗಿ ಸುಮಾರು 60 ಸೆ.ಮೀ. ದೂರದವರೆಗೆ ಎಟುಕುತ್ತದೆ. ಹಾಗಾಗಿ ಒಂದೇ ಬದಿಯಿಂದ ಕೆಲಸ ಮಾಡುವ ಪಾತಿಯ ಅಗಲ 60 ಸೆ.ಮೀ., ಎರಡೂ ಬದಿಯಿಂದಾದರೆ 120 ಸೆ.ಮೀ. ಕೆಂಪುಕಲ್ಲು ಕಟ್ಟಿ ಸುಮಾರು 70 ಸೆ.ಮೀ. ಎತ್ತರಿಸಬಹುದು. ಅಷ್ಟು ಖರ್ಚು ಸಾಧ್ಯವಿಲ್ಲದಿದ್ದರೆ ಹಳೆಯ ಬೆಂಚಿನ ಮೇಲೆ ಗ್ರೋಬ್ಯಾಗ್ ಇಟ್ಟರೂ ಆಯ್ತು. ಸೊಂಟ ಬಗ್ಗದ ಅಜ್ಜಿಗೂ ಅದೇ ಅನುಕೂಲ.

ಮೂಗು, ಬೆರಳು, ಚುಕ್ಕಿ

ದಾರಿಯ ತಿರುವುಗಳಲ್ಲಿ ತುಳಸಿ, ಪುದೀನ, ಸಾಂಬ್ರಾಣಿ ಸೊಪ್ಪು ನೆಡಿ. ಎಲೆ ಉಜ್ಜಿದಾಗ ಅದರ ಗ್ರಂಥಿಗಳು ಒಡೆದು, ಬೇಗ ಆವಿಯಾಗುವ ತೈಲ ಗಾಳಿಗೆ ಸೇರುತ್ತದೆ. ಆ ವಾಸನೆಯೇ ದಾರಿಯ ಗುರುತು.

ಹೆಸರಿನ ಫಲಕಕ್ಕೆ ಬ್ರೈಲ್ ಸೇರಿಸಿ. ಭಾರತೀ ಬ್ರೈಲ್‌ನಲ್ಲಿ ನಮ್ಮ ಭಾಷೆಗಳ ಒಂದೇ ಉಚ್ಚಾರಣೆಯ ಅಕ್ಷರಗಳಿಗೆ ಬಹುತೇಕ ಒಂದೇ ಚುಕ್ಕಿಗಳು. ‘ತುಳಸಿ’ ಎಂಬ ಪದ ಕನ್ನಡ, ಮಲಯಾಳ ಎರಡರಲ್ಲೂ ಇದೆ. ಬರೆದಾಗ ಲಿಪಿ ಬೇರೆ, ಬೆರಳಿಗೆ ಮಾತ್ರ ಒಂದೇ!

ಜಾಲತಾಣದ ಪುಟ

ತೋಟದ ವಿವರವನ್ನು ಶಾಲೆಯ ಜಾಲತಾಣದಲ್ಲಿ ಹಾಕುವಾಗ ಇಷ್ಟು ನೋಡಿಕೊಳ್ಳಿ.

1. ಯುನಿಕೋಡ್‌ನಲ್ಲೇ ಬೆರಳಚ್ಚು ಮಾಡಿ. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ. ‘ಕ’ದ ಸಂಖ್ಯೆ 3221. ಹಳೆಯ ಫಾಂಟುಗಳಲ್ಲಿ ಕಾಣುವ ರೂಪ ಕನ್ನಡದ್ದು, ಒಳಗಿನ ಸಂಕೇತ ಇಂಗ್ಲಿಷ್ ಅಕ್ಷರದ್ದು. ಟಾಕ್‌ಬ್ಯಾಕ್‌ನಂತಹ ಪರದೆ ಓದುವ ತಂತ್ರಾಂಶ ಅದನ್ನು ಗೊಂದಲವಾಗಿಯೇ ಓದುತ್ತದೆ.

2. ಪ್ರತಿ ಚಿತ್ರಕ್ಕೂ ವಿವರಣೆ ಬರೆಯಿರಿ. ‘ಫೋಟೋ 3’ ಎಂದರೆ ಏನು ತಿಳಿದೀತು? ‘ಕೆಂಪು ದಂಟಿನ ಹರಿವೆ, ಎಲೆ ಅಂಗೈಯಗಲ’ ಎಂದು ಬರೆದರೆ ಕಣ್ಣಿಗೆ ಕಟ್ಟುತ್ತದೆ. ಸೂಚನಾ ಪತ್ರದ ಫೋಟೋ ಮಾತ್ರ ಹಾಕಿದರೆ ಸಾಲದು, ಅಕ್ಷರವೂ ಇರಲಿ.

3. ಅಕ್ಷರ ಮತ್ತು ಹಿನ್ನೆಲೆಯ ವ್ಯತ್ಯಾಸದ ಪ್ರಮಾಣ ಕನಿಷ್ಠ 4.5:1 ಇರಬೇಕು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಬಿಳಿಯ ಮೇಲೆ ಕಪ್ಪಿಗೆ ಅದು 21:1. ‘ಕೆಂಪು ಗುರುತಿನ ಪಾತಿ ಕೊಯ್ಯಬೇಡಿ’ ಎಂದು ಬಣ್ಣವನ್ನೇ ನಂಬಬೇಡಿ. ಕೆಂಪು-ಹಸಿರು ಭೇದ ಕಾಣದವರೂ ಇದ್ದಾರೆ. ಪಾತಿಗೆ ಸಂಖ್ಯೆಯನ್ನೂ ಕೊಡಿ.

4. ಇದ್ದದ್ದನ್ನು ಇದ್ದ ಹಾಗೆ ಹೇಳಿ: ‘ಗೇಟಿನ ಬಳಿ ಎರಡು ಮೆಟ್ಟಿಲು, ಹಿಂಬದಿಯಲ್ಲಿ ಇಳಿಜಾರು ಇದೆ.’ ಬರುವವರು ಮನೆಯಲ್ಲೇ ಇದನ್ನು ತಿಳಿದುಕೊಂಡರೆ ಗೇಟಿನಿಂದ ಹಿಂತಿರುಗುವ ಬೇಸರ ತಪ್ಪುತ್ತದೆ.

ಇದು ದಯೆಯ ವಿಷಯ ಮಾತ್ರ ಅಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಇದನ್ನು ಹಕ್ಕು ಎಂದೇ ಹೇಳುತ್ತದೆ.

ಮಾಡಿ ನೋಡಿ

ಅ) ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮೇಸ್ತ್ರಿಗಳು ಮಟ್ಟ ನೋಡುವ ಹಾಗೆ, ಗೇಟಿನಿಂದ ತೋಟಕ್ಕೆ ಇರುವ ಏರನ್ನು ಅಳೆಯಿರಿ. 1:12ಕ್ಕೆ ಎಷ್ಟು ಉದ್ದ ಬೇಕು?

ಆ) ಗಾಲಿಕುರ್ಚಿ, ಊರುಗೋಲು ಬಳಸುವವರನ್ನು, ಕಣ್ಣು ಕಾಣದವರನ್ನು ತೋಟಕ್ಕೆ ಕರೆಯಿರಿ. ಎಲ್ಲಿ ತೊಡಕಾಯಿತು ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.

ಇ) ಆ ಪಟ್ಟಿಯಲ್ಲಿ ಖರ್ಚಿಲ್ಲದೆ ಈ ವಾರವೇ ಸರಿಮಾಡಬಹುದಾದದ್ದು ಯಾವುದು? ಅದರಿಂದಲೇ ಶುರು ಮಾಡಿ.